ಜರ್ಮನಿಯಲ್ಲಿ ಕೇಪಿನ ಕೋವಿಗೆ ಲೈಸನ್ಸ್ ಬೇಡ, ಮದ್ದಿಗೆ ಬೇಕು

ನೀವು ಕೇಳಿರುವುದು ಎರಡು ಮಾತು. ಕೆಲಸಕ್ಕೆಂದು ಜರ್ಮನಿಗೆ ಹೊರಟಿದ್ದೀರಿ, ಅಲ್ಲಿ ಕೇಪಿನ ಕೋವಿಯನ್ನು, ಅಂದರೆ ಕೇಪೆಂಬ ಪುಟ್ಟ ಸಿಡಿಮದ್ದಿನ ಟೋಪಿಯಿಂದ ಕಿಡಿ ಹೊತ್ತುವ ಹಳೆಯ ಬಗೆಯ ಕೋವಿಯನ್ನು, ಲೈಸನ್ಸ್ ಇಲ್ಲದೆ ಕೊಳ್ಳಬಹುದಂತೆ, ಅದು ನಿಜವೇ? ನಿಜವಾದರೆ, ಊರಿನ ಮನೆಯ ಅಟ್ಟದಲ್ಲಿರುವ ಅಜ್ಜನ ಕಾಲದ ಅಂಥದ್ದೇ ಕೋವಿಗೆ ನಮ್ಮಲ್ಲಿ ಲೈಸನ್ಸ್ ಏಕೆ ಕೇಳುತ್ತಾರೆ?

ನಾನು ಬೆಳೆದದ್ದು ಕೊಪ್ಪದ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಈಗ ಕೆಲವು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ. ಇಲ್ಲಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯಲ್ಲೇ ಗುರಿ ಅಭ್ಯಾಸ ಮಾಡುತ್ತೇನೆ.

ನೀವು ಕೇಳಿದ ಸುದ್ದಿ ಅರ್ಧ ನಿಜ. 1871ರ ಜನವರಿ 1ಕ್ಕಿಂತ ಮೊದಲು ರೂಪುಗೊಂಡ ಮಾದರಿಯ, ಕೇಪು ಸಿಡಿದು ಹಾರುವ, ಒಂದೇ ಈಡಿನ (ಒಮ್ಮೆ ತುಂಬಿದರೆ ಒಂದೇ ಸಲ ಹೊಡೆಯುವ) ಕೋವಿಯನ್ನು 18 ವರ್ಷ ತುಂಬಿದವರು ಇಲ್ಲಿ ಲೈಸನ್ಸ್ ಇಲ್ಲದೆ ಕೊಳ್ಳಬಹುದು. ಕೋವಿ ಹಳೆಯದಾಗಿರಬೇಕೆಂದಿಲ್ಲ, ಮಾದರಿ ಹಳೆಯದಾಗಿದ್ದರೆ ಸಾಕು. ಇಟಲಿಯಲ್ಲಿ ಈಗ ತಯಾರಾಗುವ ಹೊಚ್ಚಹೊಸ ಪ್ರತಿಕೃತಿಗಳಿಗೂ ಇದೇ ನಿಯಮ. ಆದರೆ ಅದೇ ಕಾಲದ ಆರು ಈಡಿನ ಕೇಪಿನ ರಿವಾಲ್ವರಿಗೆ ಲೈಸನ್ಸ್ ಬೇಕೇ ಬೇಕು. ಲೈಸನ್ಸ್ ಇಲ್ಲದೆ ಕೊಂಡ ಕೇಪಿನ ಕೋವಿಯನ್ನು ಹಾಗೇ ಬೀದಿಯಲ್ಲಿ ಹಿಡಿದು ತಿರುಗುವಂತೆಯೂ ಇಲ್ಲ.

ಉಳಿದರ್ಧ ಮದ್ದಿನಲ್ಲಿದೆ. ಕೋವಿಯನ್ನು ಸುಲಭವಾಗಿ ಕೊಟ್ಟ ಕಾನೂನು ಅದಕ್ಕೆ ಹಾಕುವ ಕರಿಮದ್ದನ್ನು ಸ್ಫೋಟಕಗಳ ಕಾಯ್ದೆಯ ಕೆಳಗೆ ಇಟ್ಟಿದೆ. ಆ ಕಾಯ್ದೆಯ 27ನೆಯ ಕಲಮಿನ ಪರವಾನಗಿ ಇಲ್ಲದೆ ನಿಮಗೆ ಒಂದು ಚಿಟಿಕೆ ಮದ್ದೂ ಸಿಗುವುದಿಲ್ಲ. ಅದಕ್ಕೆ ಮೊದಲು ನಿಮ್ಮ ಹಿನ್ನೆಲೆಯ ಬಗ್ಗೆ ತಕರಾರಿಲ್ಲ ಎಂಬ ಪತ್ರವನ್ನು ಅಧಿಕಾರಿಗಳಿಂದ ತರಬೇಕು. ಆಮೇಲೆ ತರಬೇತಿಗೆ ಸೇರಬೇಕು, ಪರೀಕ್ಷೆ ಪಾಸಾಗಬೇಕು, ಮದ್ದು ಯಾವ ಕೆಲಸಕ್ಕೆ ಬೇಕು ಎಂದು ತೋರಿಸಬೇಕು. ಸಾಮಾನ್ಯವಾಗಿ ಕ್ಲಬ್ಬಿನವರ ಪತ್ರ ಈ ಕೊನೆಯದಕ್ಕೆ ಆಗುತ್ತದೆ. ಆದ್ದರಿಂದ ಬಂದ ಕೂಡಲೇ ಕೋವಿ ಕೊಳ್ಳಲು ಹೋಗಬೇಡಿ. ಮೊದಲು ಕ್ಲಬ್ ಸೇರಿ, ಅವರ ಕೋವಿಯಲ್ಲೇ ಕೆಲವು ತಿಂಗಳು ಕಲಿಯಿರಿ.

ತರಬೇತಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ನಿಯಮ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಒಂದೊಂದು ಈಡಿಗೆ ಬೇಕಾದಷ್ಟನ್ನು ಮೊದಲೇ ಅಳೆದು ಪುಟ್ಟ ಕೊಳವೆಗಳಲ್ಲಿ ತುಂಬಿಟ್ಟುಕೊಳ್ಳಬೇಕು. ಹಿಂದಿನ ಈಡಿನ ಕಿಡಿ ನಳಿಗೆಯೊಳಗೆ ಇನ್ನೂ ಉಳಿದಿದ್ದರೆ, ಸುರಿಯುತ್ತಿರುವ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ನನ್ನ ಅಜ್ಜ ಮದ್ದನ್ನು ಕೊಂಬಿನಿಂದ ನೇರವಾಗಿ ಸುರಿಯುತ್ತಿದ್ದರು, ಎಷ್ಟೋ ಬಾರಿ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಆಟದ ಸೊಗಸನ್ನೂ ಹೇಳದೆ ಇರಲಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಂತೆ 30 ನಿಮಿಷದಲ್ಲಿ 13 ಈಡು, ಅದರಲ್ಲಿ ಚೆನ್ನಾಗಿ ಬಿದ್ದ ಹತ್ತನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮದ್ದು ಸುರಿದು, ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡನ್ನು ಗಜದಿಂದ (ಗುಂಡು ಒತ್ತುವ ಉದ್ದನೆಯ ಕಡ್ಡಿಯಿಂದ) ತಳದವರೆಗೆ ಒತ್ತಿ, ಕೇಪಿಗೆ ಬಡಿಯುವ ಕುದುರೆ ಎತ್ತಿ, ಕೇಪು ಕೂರಿಸಿ, ಉಸಿರು ಹಿಡಿದು ಹೊಡೆದರೆ ಒಂದು ಈಡು. ಬಿಳಿಯ ಹೊಗೆ ಕಣ್ಣೆದುರಿನಿಂದ ಸರಿಯುವವರೆಗೆ ಗುಂಡು ಎಲ್ಲಿ ಬಿತ್ತೆಂದು ಕಾಣುವುದಿಲ್ಲ. ಮುಗಿದ ಮೇಲೆ ಬಿಸಿನೀರು ಹುಯ್ದು ನಳಿಗೆ ತೊಳೆಯಬೇಕು. ಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಆ ಬಿಸಿನೀರಿನಿಂದ ಏಳುವ ಗಂಧಕದ ವಾಸನೆಗೆ ನಮ್ಮ ಮನೆಯ ಹಿತ್ತಿಲು ನೆನಪಾಗದ ದಿನವೇ ಇಲ್ಲ.

ಇನ್ನು ನಿಮ್ಮ ‘ಏಕೆ’. ಎಲ್ಲ ದೇಶದ ಕಾನೂನೂ ಎಲ್ಲೋ ಒಂದು ಕಡೆ ಬೀಗ ಹಾಕುತ್ತದೆ, ಎಲ್ಲಿ ಎಂಬುದು ಬೇರೆ ಬೇರೆ. ಜರ್ಮನಿ ಮದ್ದಿಗೆ ಹಾಕಿದೆ. ಬ್ರಿಟನ್ ಬಳಕೆಗೆ ಹಾಕಿದೆ: ನಿಜವಾದ ಪುರಾತನ ಕೋವಿಯನ್ನು ಕುತೂಹಲಕ್ಕೋ ಅಲಂಕಾರಕ್ಕೋ ಗೋಡೆಗೆ ತೂಗುಹಾಕಿಕೊಂಡರೆ ಪ್ರಮಾಣಪತ್ರ ಬೇಡ, ಅದೇ ಕೋವಿಯಿಂದ ಹೊಡೆಯಬೇಕೆಂದ ಕ್ಷಣದಿಂದ ಬೇಕು. ಅಮೆರಿಕದಲ್ಲಿ 1968ರ ಕೇಂದ್ರ ಕಾನೂನಿನ ಲೆಕ್ಕದಲ್ಲಿ 1898ರವರೆಗೆ ತಯಾರಾದ ಕೋವಿಗಳೂ ಕರಿಮದ್ದಿಗೆಂದೇ ಮಾಡಿದ ಬಾಯಿ ತುಂಬುವ ಕೋವಿಗಳೂ ಬಹುಮಟ್ಟಿಗೆ ‘ಬಂದೂಕು’ಗಳೇ ಅಲ್ಲ, ಅವುಗಳಿಗೆಂದು 50 ಪೌಂಡಿನವರೆಗೆ ಕರಿಮದ್ದನ್ನೂ ಇಟ್ಟುಕೊಳ್ಳಬಹುದು. ರಾಜ್ಯಗಳ ಕಾನೂನು ಮಾತ್ರ ಒಂದರಂತೆ ಒಂದಿಲ್ಲ.

ನಮ್ಮ 1959ರ ಆಯುಧ ಕಾಯ್ದೆ ಕೋವಿಗೇ ಬೀಗ ಹಾಕಿದೆ. ಹಳೆಯದು ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಇಲ್ಲ. ದುರಸ್ತಿ ಮಾಡಿದರೂ ಹಾರದ ಸ್ಥಿತಿಗೆ ಬಂದ ಪುರಾತನ ಆಯುಧವಾದರೆ ಮಾತ್ರ ಬಿಡುಗಡೆ. ಆದರೂ ಅದೇ ಕಾಯ್ದೆಯ 13ನೆಯ ಕಲಮಿನಲ್ಲಿ ರೈತನ ನೆನಪಿದೆ: ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದ ಬಾಯಿ ತುಂಬುವ ಕೋವಿಯನ್ನು ಹೆಸರಿಸಿಯೇ ಲೈಸನ್ಸ್ ಕೊಡಬೇಕೆಂದು ಹೇಳಿದೆ. ಮಲೆನಾಡಿನ ಮನೆಗಳಲ್ಲಿ ‘ಬೆಳೆ ರಕ್ಷಣೆ ಕೋವಿ’ ಎನ್ನುವುದು ಇದನ್ನೇ. ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಮಂಗ, ಕಾಡುಹಂದಿಗಳಿಗೆ ಚುನಾವಣೆಯ ಬಿಡುವಿಲ್ಲ. ಸದ್ದು ಮಾಡಿ ಓಡಿಸುವುದಕ್ಕಷ್ಟೇ ಕೋವಿ ಇಟ್ಟುಕೊಂಡ ಮುದುಕರನ್ನೂ ಅಲೆದಾಡಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ನಮ್ಮ ರಾಜ್ಯದಲ್ಲೇ ಇನ್ನೊಂದು ಬಗೆಯೂ ಇದೆ. 1861ರಲ್ಲಿ ಬ್ರಿಟಿಷ್ ಆಡಳಿತ ಕೊಟ್ಟ ವಿನಾಯಿತಿಯ ಮುಂದುವರಿಕೆಯಾಗಿ ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನಿನ) ಹಿಡುವಳಿದಾರರಿಗೂ ಇಂದಿಗೂ ಲೈಸನ್ಸ್ ಬೇಡ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ, ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಸಮುದಾಯವದು. ಅಲ್ಲಿ ಕಾನೂನು ನೋಡುವುದು ಕೋವಿಯನ್ನಲ್ಲ, ಹಿಡಿದವರನ್ನು.

ನಿಮ್ಮ ಅಟ್ಟದ ಕೋವಿಯ ವಿಷಯಕ್ಕೆ ಬರುತ್ತೇನೆ, ಹೊರಡುವ ಮುಂಚೆ ಇದನ್ನು ಮುಗಿಸಿಯೇ ಹೊರಡಿ. ಅಜ್ಜ ತೀರಿಕೊಂಡ ಮೇಲೆ ಲೈಸನ್ಸ್ ಯಾರ ಹೆಸರಿಗೂ ಆಗಿರದಿದ್ದರೆ ಆ ಕೋವಿ ಮನೆಯಲ್ಲಿರುವುದೇ ಅಪರಾಧ. ಅಜ್ಜನ ಲೈಸನ್ಸ್ ಪುಸ್ತಕ ಹುಡುಕಿ, ಠಾಣೆಗೆ ಮೊದಲೇ ತಿಳಿಸಿ ಠೇವಣಿ ಇಡಿ. ಬೇಕೆಂದರೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಕೇಪು ಇಟ್ಟು ಹಾರಿಸಿ ನೋಡಬೇಡಿ. ಹಂದಿ ಬರುತ್ತದೆಂದು ರಾತ್ರಿ ಈಡು ತುಂಬಿ, ಹಾಗೇ ಮರೆತು ಮೂಲೆಗಿಟ್ಟ ಕೋವಿಗಳು ನಮ್ಮ ಕಡೆ ಇವೆ, ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಕುದುರೆಯನ್ನು ಮುಟ್ಟದೆ, ನಳಿಗೆಯ ಬಾಯಿಗೆ ಮುಖವನ್ನಾಗಲಿ ಕೈಯನ್ನಾಗಲಿ ಅಡ್ಡ ಹಿಡಿಯದೆ, ತುಂಬಿದ ಕೋವಿಯೆಂದೇ ತಿಳಿದು ಅದನ್ನು ಇಳಿಸಿ. ಒಳಗೆ ಈಡು ಇದೆಯೇ ಎಂದು ಗಜ ಇಳಿಬಿಟ್ಟು ನೋಡುವ ಕೆಲಸವನ್ನು, ಇದ್ದರೆ ತೆಗೆಯುವುದನ್ನು, ಲೈಸನ್ಸ್ ಪಡೆದ ಕೋವಿ ರಿಪೇರಿಯವರಿಗೆ ಬಿಡಿ.