ಚಿಕ್ಕ ಕಾಲಿಗೆ ತಕ್ಕ ಬೆಟ್ಟ, ಮಳೆಗೆ ತಕ್ಕ ಊರು

ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತುವುದು, ಟೆಂಟಿನಲ್ಲಿ ಮಲಗುವುದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. ಓದಿ ನಿಜಕ್ಕೂ ಖುಷಿಯಾಯಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಅಕ್ಕಾ, ನಮಸ್ಕಾರ. ಮಗಳಿಗೆ ಹನ್ನೊಂದು, ಮಗನಿಗೆ ಆರು ವರ್ಷ. ಜೊತೆಗೆ ಅತ್ತೆಯೂ ಬರುತ್ತಾರೆ. ವರ್ಷಕ್ಕೆ ನಾಲ್ಕೈದು ಸಲ ಟ್ರೆಕ್ಕಿಂಗ್ ಹೋಗಬೇಕು ಅಂತ ಆಸೆ. ಆದರೆ ಪ್ರತಿ ಸಲ ಕೊನೇ ಗಳಿಗೆಯಲ್ಲಿ ಹೊರಟು ಏನಾದರೂ ಎಡವಟ್ಟು ಮಾಡಿಕೊಳ್ಳುತ್ತೇವೆ. ಯಾವ ತಿಂಗಳು ಎಲ್ಲಿಗೆ ಹೋಗಬೇಕು?
*ಓದುಗರು, ತುಮಕೂರು*

ಅಡುಗೆಮನೆ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇದೆ ಅಲ್ವಾ, ಅದನ್ನು ಕೆಳಗಿಳಿಸಿ. ಅದರಲ್ಲಿ ಮಳೆ ನಕ್ಷತ್ರಗಳ ಹೆಸರಿರುತ್ತದೆ. ಜೂನ್ ಎರಡನೇ ವಾರ ಮೃಗಶಿರಾ ಹುಟ್ಟುತ್ತದೆ. ಸ್ವಾತಿ ಮಳೆ ಮುಗಿಯುವುದು ನವೆಂಬರ್ ಮೊದಲ ವಾರದಲ್ಲಿ. ಈ ಎರಡು ಗೆರೆ ಎಳೆದುಕೊಂಡರೆ ಅರ್ಧ ಕೆಲಸ ಆದಂತೆ. ನಮ್ಮ ಅಜ್ಜಿ ಇದನ್ನು ನೋಡಿ ಬೀಜ ತೆಗೆದಿಡುತ್ತಿದ್ದರು, ನಾನು ಇದನ್ನೇ ನೋಡಿ ಬೆಟ್ಟ ಆರಿಸುತ್ತೇನೆ.

ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅನ್ನುತ್ತಾರೆ. ಜೂನ್ ಕೊನೆಯಿಂದ ಆಗಸ್ಟ್ ಮುಗಿಯುವ ತನಕ ಆರು ವರ್ಷದ ಮಗುವನ್ನು ಘಟ್ಟದ ತುದಿಗಳಿಗೆ ಕರೆದೊಯ್ಯಬೇಡಿ. ಗಾಳಿ, ಮಂಜು, ಜಾರುವ ಕೆಸರು, ಉಕ್ಕಿದ ಹಳ್ಳ ಎಲ್ಲ ಒಟ್ಟಿಗೇ ಇರುತ್ತವೆ. ಆ ದಿನಗಳಲ್ಲಿ ಘಟ್ಟದ ಪೂರ್ವಕ್ಕೆ, ಬಯಲುಸೀಮೆಗೆ ಹೋಗಿ, ಅಲ್ಲಿ ಮಳೆ ಕಡಿಮೆ. ಕೋಲಾರದ ಅಂತರಗಂಗೆಯಲ್ಲಿ ಬಂಡೆಗಳ ಸಂದಿಯ ಗುಹೆಗಳಲ್ಲಿ ನುಸುಳುವುದು ಅಂದರೆ ಮಕ್ಕಳಿಗೆ ಹಬ್ಬ (ಕೋತಿಗಳಿವೆ, ತಿಂಡಿ ಕೈಯಲ್ಲಿ ಹಿಡಿಯಬೇಡಿ). ರಾಮನಗರದ ರಾಮದೇವರ ಬೆಟ್ಟಕ್ಕೆ ಮೆಟ್ಟಿಲಿದೆ, 2012ರಲ್ಲಿ ರಣಹದ್ದುಗಳ ವನ್ಯಧಾಮ ಅಂತ ಘೋಷಣೆಯಾದ ಜಾಗ ಅದು. ಸಾವನದುರ್ಗಕ್ಕೆ ಮಾತ್ರ ಮಳೆ ದಿನ ಬೇಡ. 1,226 ಮೀಟರಿನ ಆ ಬೋಳು ಬಂಡೆಯ ಮೇಲೆ ಉದ್ದಕ್ಕೂ ಕಪ್ಪು ಪಟ್ಟೆಗಳು ಕಾಣುತ್ತವೆ. ಅದು ನೀರು ಹರಿಯುವ ದಾರಿ, ಅಲ್ಲಿ ಪಾಚಿ ಕಟ್ಟಿರುತ್ತದೆ. ಒಣಗಿದ್ದಾಗ ಏನೂ ಆಗದ ಪಟ್ಟೆ, ನಾಲ್ಕು ಹನಿ ಬಿದ್ದರೆ ಎಣ್ಣೆ ಸವರಿದಂತೆ ಜಾರುತ್ತದೆ.

ದಸರಾ ರಜೆ ಹಸ್ತಾ, ಚಿತ್ತಾ ಮಳೆಗಳ ಹೊತ್ತಿಗೆ ಬರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಇರಬಹುದು, ಬೆಳಿಗ್ಗೆ ಮಾತ್ರ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ನನ್ನ ಮಟ್ಟಿಗೆ ಸ್ವಾತಿ ಮುಗಿದ ಮೇಲಿನ ನವೆಂಬರ್, ಡಿಸೆಂಬರ್ ವರ್ಷದಲ್ಲೇ ಒಳ್ಳೆಯ ಕಾಲ. ಹುಲ್ಲು ಇನ್ನೂ ಹಸಿರು, ಹಳ್ಳದಲ್ಲಿ ನೀರು, ಕಾಲಡಿ ಗಟ್ಟಿ ನೆಲ. ಕೊಡಗಿನ ತಡಿಯಂಡಮೋಳ್ (1,748 ಮೀಟರ್), ಚಿಕ್ಕಮಗಳೂರಿನ ಗಿರಿಗಳು ಆಗ ನೋಡಬೇಕು. ಅತ್ತೆಯವರನ್ನು ಬಿಟ್ಟು ಹೋಗಬೇಡಿ. ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ತುದಿ, ಆದರೂ ವಾಹನ ಬಹಳ ಮೇಲಿನ ತನಕ ಹೋಗುತ್ತದೆ. ಆಮೇಲೆ ಮೆಟ್ಟಿಲು, ನಿಧಾನಕ್ಕೆ ಕೂತು ಎದ್ದು ಹತ್ತಬಹುದು. ಕೊಡಚಾದ್ರಿಗೂ ಜೀಪ್ ಇದೆ, ಆದರೆ ಆ ದಾರಿಯ ಕುಲುಕಾಟ ಸೊಂಟನೋವು ಇರುವವರಿಗೆ ಆಗಿಬರುವುದಿಲ್ಲ.

ಜನವರಿ, ಫೆಬ್ರವರಿಗೆ ಕಡಲು ಅಥವಾ ಹಂಪಿ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಗುಡ್ಡ ಹತ್ತಿ ಇಳಿದು ನಡೆಯುವ ದಾರಿ. ಮಕ್ಕಳಿಗೆ ಸಾಕೆನಿಸಿದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹಂಪಿಯ ಆಚೆ ದಡದ ಅಂಜನಾದ್ರಿಗೆ 575 ಮೆಟ್ಟಿಲು, ಬೆಳಗಿನ ಜಾವ ಹತ್ತಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಕಾಡಿನ ದಾರಿ ಮರೆತುಬಿಡಿ. ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಅರಣ್ಯ ಇಲಾಖೆ ಎಷ್ಟೋ ದಾರಿಗಳನ್ನು ಮುಚ್ಚುತ್ತದೆ. ಮುಚ್ಚಬೇಕು ಕೂಡ. ಒಂದು ಬೀಡಿ ತುಂಡಿನಿಂದ ಇಡೀ ಗುಡ್ಡ ಸುಟ್ಟುಹೋಗುವುದನ್ನು ನೋಡಿದವರಿಗೆ ಇದರಲ್ಲಿ ಬೇಸರಪಡುವುದಕ್ಕೆ ಏನೂ ಕಾಣುವುದಿಲ್ಲ. ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರ ತನಕ ನಡೆದು, ಉಳಿದ ಹೊತ್ತು ನೆರಳಲ್ಲಿರಿ. ಸಂಜೆ ಅಶ್ವಿನಿ, ಭರಣಿ ಮಳೆಗಳ ಸಿಡಿಲು ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಬೋಳು ನೆತ್ತಿಯಿಂದ ಕೂಡಲೇ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಇನ್ನೊಂದು ಮಾತು. ಕಾಡಿನೊಳಗಿನ ಚಾರಣಕ್ಕೆ ಈಗ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಟಿಕೆಟ್ ತೆಗೆಯಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಮುಗಿಯುತ್ತದೆ. ಗುರುತಿನ ಚೀಟಿ ಮರೆಯಬೇಡಿ.

ಆರು ವರ್ಷದ ಮಗು ಎಷ್ಟು ದೂರ ನಡೆದೀತು?
*ಒಬ್ಬ ತಂದೆ, ಹಾಸನ*

ಒಟ್ಟು ನಾಲ್ಕೈದು ಕಿಲೋಮೀಟರ್ ಅಂತ ಇಟ್ಟುಕೊಂಡು ಶುರು ಮಾಡಿ. ದೊಡ್ಡವರು ಒಂದು ಗಂಟೆಯಲ್ಲಿ ನಡೆಯುವ ದಾರಿಗೆ ಎರಡು ಗಂಟೆ ಕೊಡಿ. ಮಕ್ಕಳು ಸುಮ್ನೆ ನಡೆಯುವುದಿಲ್ಲ, ಹುಳ ಕಂಡರೆ ಕೂರುತ್ತಾರೆ, ಕಲ್ಲು ಆರಿಸುತ್ತಾರೆ. ಅದಕ್ಕೇ ತಾನೇ ಕರೆದುಕೊಂಡು ಹೋಗುವುದು!

ದೂರಕ್ಕಿಂತ ಮುಖ್ಯ ಗಡಿಯಾರ. ನನ್ನ ಮಗನಿಗೆ ಏಳು ವರ್ಷವಿದ್ದಾಗ ತಡಿಯಂಡಮೋಳಿಗೆ ಹೋಗಿದ್ದೆವು. ನಾಲ್ಕುನಾಡು ಅರಮನೆ ಹತ್ತಿರದಿಂದ ಹೊರಟಾಗಲೇ ಹತ್ತೂವರೆ. ತುದಿ ಕಾಣುತ್ತಿದೆ, ಇನ್ನೇನು ಬಂದೇಬಿಟ್ಟಿತು ಅಂದುಕೊಂಡು ಮೂರು ಗಂಟೆ ತನಕ ಹತ್ತಿದೆವು. ಕೊನೆಯ ಏರು ಬಹಳ ಕಡಿದು. ಇಳಿಯುವಾಗ ಮಂಜು ಮುಚ್ಚಿಕೊಂಡಿತು, ಆಮೇಲೆ ಕತ್ತಲು, ನಾಲ್ಕು ಜನಕ್ಕೆ ಒಂದೇ ಟಾರ್ಚು. ಮಗ ಅಳಲಿಲ್ಲ, ನನ್ನ ಚೂಡಿದಾರದ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಒಂದು ಮಾತೂ ಆಡದೆ ನಡೆದ. ಕೆಳಗೆ ಬಂದ ಮೇಲೂ ಆ ಮುಷ್ಟಿ ಬಿಡಿಸಲು ಹೊತ್ತು ಹಿಡಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆ ಅಂದರೆ ಒಂದು ಗಂಟೆ. ತುದಿ ನೂರು ಹೆಜ್ಜೆ ದೂರವಿದ್ದರೂ ತಿರುಗಿ ಬರುತ್ತೇವೆ. ಪ್ರತಿಯೊಬ್ಬರ ಚೀಲದಲ್ಲೂ ಒಂದೊಂದು ಟಾರ್ಚು, ಮಕ್ಕಳಿಗೆ ಒಂದೊಂದು ಸೀಟಿ. ಕಾಣದಂತಾದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು ಅಂತ ಮನೆಯಲ್ಲೇ ಕಲಿಸಿಡಿ.

ಮಳೆಗಾಲದಲ್ಲಿ ತೌರಿಗೆ, ಕೊಪ್ಪದ ಹತ್ತಿರ, ಹೋಗುತ್ತೇವೆ. ತೋಟದಾಚೆ ಕಾಡಿನಲ್ಲಿ ತಿರುಗಾಡಲು ಮಕ್ಕಳಿಗೆ ಆಸೆ. ಆದರೆ ರಕ್ತ ಹೀರುವ ಉಂಬಳ ಅಂದರೆ ಬೆಂಗಳೂರಿನಲ್ಲಿ ಬೆಳೆದ ನನ್ನ ಮಗಳು ಕಿರುಚುತ್ತಾಳೆ.
*ಓದುಗರು, ಬೆಂಗಳೂರು*

ಮೊದಲು ಅವಳಿಗೆ ಒಂದನ್ನು ಸಮಾಧಾನವಾಗಿ ತೋರಿಸಿ. ಒದ್ದೆ ಎಲೆಯ ತುದಿಯಲ್ಲಿ ಬಾಲ ಊರಿ, ದಾರದ ಎಳೆಯಷ್ಟು ತೆಳ್ಳಗೆ ನಿಂತಿರುತ್ತದೆ. ಹತ್ತಿರ ಬಗ್ಗಿ ಉಸಿರು ಬಿಟ್ಟರೆ ಸಾಕು, ತಲೆ ಆ ಕಡೆ ಈ ಕಡೆ ಆಡಿಸುತ್ತ ನಿಮ್ಮ ಕಡೆಗೇ ಚಾಚುತ್ತದೆ. ಆಮೇಲೆ ಗೇಣು ಹಾಕಿಕೊಂಡು ನಡೆಯುತ್ತದೆ. ನನ್ನ ಮಗಳ ಹೆದರಿಕೆ ಹೋಗಿದ್ದು ಹೀಗೆ ಹತ್ತು ನಿಮಿಷ ನೋಡುತ್ತ ಕೂತ ಮೇಲೆ.

ಕಚ್ಚಿದರೆ ನೋವಾಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಜೊಲ್ಲು ಬಿಡುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಗಾಬರಿ ಬೇಡ. ಹಿಡಿದು ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ, ಕಚ್ಚಿದ ಬಾಯಿಯ ಕಡೆಯಿಂದ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ಸೋಪು ಹಾಕಿ ತೊಳೆದು ಒತ್ತಿ ಹಿಡಿದು ಬ್ಯಾಂಡೇಜ್ ಹಾಕಿ. ತಡೆಯಲು ನಿಮ್ಮ ತೌರಿನವರಿಗೇ ಗೊತ್ತಿರುತ್ತದೆ, ಹೊಗೆಸೊಪ್ಪು, ಸುಣ್ಣ, ಕೊಬ್ಬರಿಎಣ್ಣೆ. ಮಕ್ಕಳ ಎಳೆ ಚರ್ಮಕ್ಕೆ ಸುಣ್ಣ ಬೇಡ, ಹೊಗೆಸೊಪ್ಪೂ ಬೇಡ. ಪ್ಯಾಂಟನ್ನು ಒಳಗೆ ಸೇರಿಸಿ, ಒತ್ತು ನೇಯ್ಗೆಯ ಬಟ್ಟೆಯ ಉದ್ದ ಕಾಲುಚೀಲವನ್ನು ಮೊಣಕಾಲ ತನಕ ಕಟ್ಟಿ. ಹಳ್ಳದ ನೀರಿಗೆ ಬಾಯಿ ಹಚ್ಚಿ ಕುಡಿಯಲು ಮಾತ್ರ ಬಿಡಬೇಡಿ.

ಹಾಗಾದರೆ ಉಂಬಳ ಇಲ್ಲದ ಜನವರಿ, ಫೆಬ್ರವರಿಯಲ್ಲಿ ಮಲೆನಾಡಿಗೆ ಹೋಗುವುದೇ ಒಳ್ಳೆಯದಲ್ವಾ?
*ಓದುಗರು, ದಾವಣಗೆರೆ*

ಹೋಗಬಹುದು. ಆದರೆ ಉಂಬಳಕ್ಕಿಂತ ನೂರು ಪಾಲು ಹೆದರಬೇಕಾದ್ದು ಆಗಲೇ ಇರುವುದು. ಉಣುಗು, ಅಂದರೆ ಉಣ್ಣೆ ಹುಳ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು, ಮಲೆನಾಡಿನವರು ಇಂದಿಗೂ ಅದರ ಜೊತೆ ಬದುಕುತ್ತಿದ್ದಾರೆ. ಡಿಸೆಂಬರಿನಿಂದ ಮೇ ತನಕ, ಒಣ ತರಗೆಲೆಗಳ ನಡುವೆ ಸಾಸಿವೆಗಿಂತ ಚಿಕ್ಕ ಮರಿ ಉಣುಗುಗಳಿರುತ್ತವೆ. ಪ್ರವಾಸಿಗರು ಇದನ್ನು ಕೇಳುವುದೇ ಇಲ್ಲ ಅನ್ನುವುದು ನನಗೆ ಬಹಳ ಸಂಕಟದ ವಿಷಯ.

ಹೋಗುವ ಮುಂಚೆ ಆ ಊರಿನ ಆರೋಗ್ಯ ಕೇಂದ್ರದಲ್ಲೋ ಹೋಮ್‌ಸ್ಟೇಯವರಲ್ಲೋ ಈ ವರ್ಷ ಕಾಯಿಲೆ ಇದೆಯಾ ಅಂತ ಕೇಳಿ. ಇದೆ ಅಂದರೆ ಕಾಡಿಗೆ ಇಳಿಯಬೇಡಿ. ಇಲ್ಲದಿದ್ದರೂ ತರಗೆಲೆ ಮೇಲೆ ಕೂರುವುದು, ಮಲಗುವುದು ಬೇಡ. ತುಂಬು ತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿ. ಆರೋಗ್ಯ ಇಲಾಖೆಯವರು ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ, ಕೇಳಿ ಪಡೆಯಿರಿ. ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿ ಕೂರುವ ಜಾಗದಲ್ಲಿ ಉಣುಗು ಅಂಟಿದೆಯಾ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ಬಂದ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿನಲ್ಲಿ ತಿರುಗಿದ್ದೆವು ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ನಿಮ್ಮ ಊರಿನ ಡಾಕ್ಟರು ಅದನ್ನು ಊಹಿಸಲಾರರು.

ಡಿಸೆಂಬರಿನಲ್ಲಿ ಟೆಂಟಿನಲ್ಲಿ ಮಲಗಿದ್ದೆವು. ಮಳೆ ಇಲ್ಲದಿದ್ದರೂ ಬೆಳಿಗ್ಗೆ ಒಳಗೆಲ್ಲ ನೀರು! ಚಳಿಗೆ ಮಕ್ಕಳು ನಿದ್ದೆಯೇ ಮಾಡಲಿಲ್ಲ. ಹೊಸ ಟೆಂಟು ಸೋರುತ್ತದೆಯಾ?
*ಓದುಗರು, ಮೈಸೂರು*

ಸೋರಿಲ್ಲ, ಅದು ನಿಮ್ಮದೇ ಉಸಿರು. ನಾಲ್ಕು ಜನ ರಾತ್ರಿಯಿಡೀ ಬಿಟ್ಟ ಬಿಸಿ ಉಸಿರು ತಣ್ಣನೆ ಬಟ್ಟೆಗೆ ತಾಗಿ ಹನಿಯಾಗಿದೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆಗುವ ಹಾಗೆ. ಚಳಿ ಅಂತ ಎಲ್ಲ ಜಿಪ್ ಮುಚ್ಚಿದ್ದೀರಿ ಅಲ್ವಾ? ಎದುರು ಬದುರು ಎರಡು ಕಡೆ ಒಂದೊಂದು ಗೇಣು ತೆರೆದಿಡಿ. ಮೇಲಿನ ಹೊದಿಕೆ ಒಳಗಿನದಕ್ಕೆ ತಾಗದಂತೆ ಬಿಗಿಯಾಗಿ ಕಟ್ಟಿ. ಹಳ್ಳದ ಪಕ್ಕದ ತಗ್ಗು ಬೇಡ, ತಣ್ಣನೆ ಗಾಳಿ ಇಳಿದು ಅಲ್ಲೇ ಕೂರುತ್ತದೆ. ನಾಲ್ಕು ಮಾರು ಮೇಲಿನ ಸಮತಟ್ಟು ನೋಡಿ.

ಚಳಿ ಬರುವುದು ಜಾಸ್ತಿ ಕೆಳಗಿನಿಂದ. ಹೊದೆಯಲು ಎರಡು ರಗ್ಗು ಇಟ್ಟು ಹಾಸಲು ಒಂದು ತೆಳು ಬಟ್ಟೆ ಹಾಕಿದರೆ ನೆಲ ಮೈಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಮೊದಲು ಫೋಮ್ ಚಾಪೆ, ಅದರ ಮೇಲೆ ಕುರಿ ಉಣ್ಣೆಯ ಕರಿ ಕಂಬಳಿ, ಆಮೇಲೆ ಮಕ್ಕಳು. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರು ಡಿಗ್ರಿ ಚಳಿ ಹೆಚ್ಚು ಅನ್ನುವ ಲೆಕ್ಕವಿದೆ, ಗಾಳಿಯದು ಬೇರೆ. ಮೊದಲ ಪ್ರಯೋಗ ನಿಮ್ಮ ತಾರಸಿಯಲ್ಲೇ ಆಗಲಿ. ನಡುರಾತ್ರಿ ಮಗು ಅತ್ತರೆ ಮನೆ ಹತ್ತು ಮೆಟ್ಟಿಲ ಕೆಳಗಿರುತ್ತದೆ.

ಕಾಡಿನಲ್ಲಿ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ಗಾಳಿಬೋರೆ, ಭೀಮೇಶ್ವರಿ ಕ್ಯಾಂಪುಗಳು ಕಾವೇರಿ ದಡದಲ್ಲೇ ಇವೆ, ಮೊದಲ ಸಲಕ್ಕೆ ಒಳ್ಳೆಯವು. ಮಲೆನಾಡು, ಕೊಡಗಿನ ಹೋಮ್‌ಸ್ಟೇ ಅಂಗಳಗಳೂ ಆಗಬಹುದು. ಕಾವೇರಿ ಶಾಂತವಾಗಿ ಕಂಡರೂ ಮಕ್ಕಳನ್ನು ನೀರಿಗೆ ಬಿಡಲೇಬೇಡಿ. ಕೆಳಗೆ ಬಂಡೆ, ಸುಳಿ ಇವೆ. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರುವುದು ಗೊತ್ತೇ ಆಗುವುದಿಲ್ಲ.

ಸಕಲೇಶಪುರದ ರೈಲು ಹಳಿಯ ಮೇಲೆ ಮಕ್ಕಳ ಜೊತೆ ನಡೆಯಬಹುದೇ?
*ಓದುಗರು, ಮಂಡ್ಯ*

ಬೇಡ. ಅದಕ್ಕೆ ನಿಷೇಧವಿದೆ. ಸುರಂಗ, ಎತ್ತರದ ಸೇತುವೆಗಳಲ್ಲಿ ರೈಲು ಬಂದರೆ ಸರಿಯಲು ಜಾಗವಿಲ್ಲ. ಹಗಲು ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ, ಅದೇ ಘಟ್ಟ, ಅದೇ ಜಲಪಾತ ಕಾಣುತ್ತದೆ.

ಊಟಕ್ಕೆ ಏನು ಕಟ್ಟಿಕೊಳ್ಳುವುದು? ಪ್ಯಾಕೆಟ್ ನೂಡಲ್ಸ್ ಬಿಟ್ಟು ಹೇಳಿ.
*ಒಬ್ಬ ಅಜ್ಜಿ, ಧಾರವಾಡ*

ಅಜ್ಜಿ, ನಿಮಗೆ ನಾನೇನು ಹೇಳಲಿ, ನಿಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಮೀರಿಸುವ ಬುತ್ತಿ ಇಲ್ಲ. ಒಡೆಯದ ಹಾಗೆ ಸ್ಟೀಲ್ ಡಬ್ಬಿಯಲ್ಲಿಡಿ. ಮಧ್ಯಾಹ್ನಕ್ಕೆ ಪುಳಿಯೋಗರೆ ಕೆಡುವುದಿಲ್ಲ, ಮೊಸರನ್ನ ಬೇಸಿಗೆಯಲ್ಲಿ ಹುಳಿಯಾಗುತ್ತದೆ. ದಾರಿಯಲ್ಲಿ ಗಂಟೆಗೊಮ್ಮೆ ಚಿಕ್ಕಿ, ಒಣಕೊಬ್ಬರಿ, ಬೆಲ್ಲ. ಮಕ್ಕಳು ಕೇಳದಿದ್ದರೂ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರು. ರಾತ್ರಿ ಟೆಂಟಿನ ಹತ್ತಿರ ಒಲೆ ಹೊತ್ತಿಸಲು ಬಿಡದ ಕಡೆ, ಫ್ಲಾಸ್ಕಿನಲ್ಲಿ ಬಿಸಿ ಹಾಲು ಒಯ್ದು ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ ಕಲಸಿಕೊಡಿ, ಒಂದು ಚಮಚ ತುಪ್ಪ ಹಾಕಿ. ನನ್ನ ಮಕ್ಕಳು ದೊಡ್ಡವರಾದರೂ ಬೆಟ್ಟಕ್ಕೆ ಹೊರಡುವಾಗ ಮೊದಲು ಕೇಳುವುದು ಹುರಿಹಿಟ್ಟಿನ ಡಬ್ಬಿ ಎಲ್ಲಿ ಅಂತ.