ಗಂಟಲಲ್ಲಿ ಕೈಗೆ ಸಿಗುವ ಗಟ್ಟಿ ಏಣು ಗಡ್ಡೆಯೇ?

ಪ್ರಶ್ನೆ: ನನಗೆ 36 ವರ್ಷ. ಶೇವ್ ಮಾಡುವಾಗ ಗಂಟಲಿನ ದೊಡ್ಡ ಉಬ್ಬಿನ ಕೆಳಗೆ, ಸರಿಯಾಗಿ ನಡುವೆ, ಇನ್ನೊಂದು ಗಟ್ಟಿ ಉಬ್ಬು ಕೈಗೆ ಸಿಕ್ಕಿತು. ನೋವಿಲ್ಲ. ನುಂಗಿದಾಗ ಮೇಲೆ ಹೋಗಿ ಬರುತ್ತದೆ. ಥೈರಾಯ್ಡ್ ಗಡ್ಡೆ ಇರಬಹುದಾ? ನಿದ್ದೆಯೇ ಬರುತ್ತಿಲ್ಲ.

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ಅದು ಕ್ರಿಕಾಯ್ಡ್ ಎನ್ನುವ ಮೃದ್ವಸ್ಥಿ ಇರಬೇಕು. ಎಲ್ಲರ ಧ್ವನಿಪೆಟ್ಟಿಗೆಯಲ್ಲೂ ಇರುವಂಥದ್ದೇ.

ಹೀಗೆ ನೋಡಿ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ದೊಡ್ಡ ಉಬ್ಬಿನ ಮೇಲೆ ಬೆರಳಿಟ್ಟು ನೇರ ಕೆಳಗೆ ಜಾರಿಸಿ. ಮೊದಲು ಸಣ್ಣ ಮೆತ್ತನೆಯ ತಗ್ಗು ಸಿಗುತ್ತದೆ. ಅದನ್ನು ದಾಟಿದ ಕೂಡಲೇ ಅಡ್ಡಲಾಗಿ ಗಟ್ಟಿ ಏಣು ತಾಗುತ್ತದೆ ಅಲ್ವಾ, ಅದೇ ಕ್ರಿಕಾಯ್ಡ್. ಈಗ ಬೆರಳನ್ನು ಆ ತಗ್ಗಿನ ಮೇಲೆ ಹಗುರವಾಗಿ ಇಟ್ಟು, ಮಂದ್ರದಿಂದ ತಾರಕ್ಕೆ ‘ಆ’ ಎಂದು ಎಳೆಯಿರಿ. ತಗ್ಗು ಕಿರಿದಾಗುವುದು ಗೊತ್ತಾಗುತ್ತದೆ. ಧ್ವನಿತಂತುಗಳು ಬಿಗಿಯಾಗುವುದು ಹೀಗೆ. ಮೇಲ್ಭಾಗದ ಗಂಟಲು ಪೂರ್ತಿ ಕಟ್ಟಿ, ಉಸಿರು ಕೊಡಲು ಬೇರೆ ದಾರಿಯೇ ಇಲ್ಲದಾಗ ವೈದ್ಯರು ಕೊಯ್ದು ನಳಿಗೆ ಹಾಕುವುದೂ ಇದೇ ತಗ್ಗಿನಲ್ಲಿ.

ಕ್ರಿಕಾಯ್ಡ್ ಮುದ್ರೆಯುಂಗುರದ ಆಕಾರದಲ್ಲಿದೆ. ಕೈಗೆ ಸಿಗುವ ಮುಂಭಾಗದ ಎತ್ತರ ಬರೀ 5ರಿಂದ 7 ಮಿ.ಮೀ. ಹಿಂಭಾಗ 2ರಿಂದ 3 ಸೆಂ.ಮೀ. ಈ ಹಿಂಭಾಗ ನಿಜಕ್ಕೂ ದೊಡ್ಡ ಕೆಲಸದ ಜಾಗ. ಉಸಿರೆಳೆದಾಗ ಧ್ವನಿತಂತುಗಳು ಅಗಲವಾಗಿ ತೆರೆದುಕೊಳ್ಳಬೇಕು. ಅವನ್ನು ಮುಚ್ಚಲು ಹಲವು ಸ್ನಾಯುಗಳಿವೆ, ತೆರೆಯಲು ಮಾತ್ರ ಒಂದೇ ಜೋಡಿ. ಆ ಜೋಡಿ ಶುರುವಾಗುವುದು ಕ್ರಿಕಾಯ್ಡ್‌ನ ಬೆನ್ನಿನಿಂದಲೇ.

ಉಸಿರಿನ ದಾರಿಯಲ್ಲಿ ಪೂರ್ತಿ ಸುತ್ತುಗಟ್ಟಿದ ಮೃದ್ವಸ್ಥಿ ಇದೊಂದೇ. ಕೆಳಗೆ ಶ್ವಾಸನಾಳದ ಉಂಗುರಗಳೆಲ್ಲ ಹಿಂದೆ ತೆರೆದಿರುತ್ತವೆ. ಸುತ್ತು ಪೂರ್ತಿ ಇರುವುದರಿಂದ ಒಳಗೆ ಊತ ಬಂದರೆ ಹಿಗ್ಗಲು ಜಾಗವಿಲ್ಲ. ದೊಡ್ಡವರಿಗೆ ಸಣ್ಣ ಊತ ಅಷ್ಟಾಗಿ ಕಾಡುವುದಿಲ್ಲ. ಕೂಸುಗಳ ಲೆಕ್ಕ ಬೇರೆ. 4 ಮಿ.ಮೀ. ಅಗಲದ ದಾರಿಯಲ್ಲಿ ಸುತ್ತಲೂ 1 ಮಿ.ಮೀ. ಊತ ಬಂದರೆ ಗಾಳಿಗೆ ಉಳಿಯುವ ಜಾಗ ಕಾಲು ಭಾಗ ಮಾತ್ರ. ಕ್ರೂಪ್ ಎಂಬ ಕಾಯಿಲೆಯಲ್ಲಿ ಆಗುವುದು ಇದೇ. ಅದಕ್ಕೇ ಮಗುವಿಗೆ ನಾಯಿ ಬೊಗಳಿದಂಥ ಕೆಮ್ಮು ಬಂದು, ಸುಮ್ನೆ ಇದ್ದಾಗಲೂ ಉಸಿರೆಳೆಯುವಾಗ ಗೊರಗೊರ ಸದ್ದು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ನಿಮ್ಮ ಭಯದ ವಿಷಯ. ನುಂಗಿದಾಗ ಮೇಲೆ ಹೋಗುತ್ತದೆ ಎನ್ನುವ ಒಂದೇ ಗುರುತು ಸಾಲದು, ಥೈರಾಯ್ಡ್ ಗಡ್ಡೆಯೂ ಹಾಗೇ ಹೋಗುತ್ತದೆ. ಆದರೆ ಥೈರಾಯ್ಡ್‌ನ ನಡುಭಾಗ ಇರುವುದು ಕ್ರಿಕಾಯ್ಡ್‌ಗಿಂತ ಕೆಳಗೆ, ಗಡ್ಡೆಯೂ ಹೆಚ್ಚಾಗಿ ಒಂದು ಬದಿಗಿರುತ್ತದೆ. ಕ್ರಿಕಾಯ್ಡ್ ಮುಂಚಿನಿಂದಲೂ ಅಲ್ಲೇ ಇತ್ತು, ಬೆರಳಿಗೆ ಈಗ ಸಿಕ್ಕಿದೆ ಅಷ್ಟೆ.

ಉಬ್ಬು ಬೆಳೆಯುತ್ತಿದ್ದರೆ, ಒಂದೇ ಬದಿಗೆ ಇದ್ದರೆ, ದನಿ ಒಡೆದು 3 ವಾರವಾದರೂ ಸರಿಹೋಗದಿದ್ದರೆ ಅಥವಾ ನುಂಗಲು ಕಷ್ಟವಾದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಇದ್ಯಾವುದೂ ಇಲ್ಲದೆ ನಿದ್ದೆ ಮಾತ್ರ ಕೆಟ್ಟಿದ್ದರೂ ಒಮ್ಮೆ ತೋರಿಸಿಕೊಂಡು ಬನ್ನಿ. ವೈದ್ಯರು ಕೈಯಿಂದ ಮುಟ್ಟಿ ನೋಡುತ್ತಾರೆ, ಅನುಮಾನವಿದ್ದರೆ ಕುತ್ತಿಗೆಯ ಅಲ್ಟ್ರಾಸೌಂಡ್ ಬರೆದುಕೊಡುತ್ತಾರೆ. ಅಲ್ಲಿಯವರೆಗೆ ದಿನವಿಡೀ ಅದನ್ನು ಒತ್ತಿ ಒತ್ತಿ ನೋಡಬೇಡಿ. ಜಾಸ್ತಿ ಒತ್ತಿದರೆ ಇಲ್ಲದ ನೋವು ಶುರುವಾಗುತ್ತದೆ.