ಆಫ್ರಿಕಾದ ಒಕವಾಂಗೊ ನದಿ ಸಮುದ್ರ ಸೇರುವುದಿಲ್ಲ ಅಂತಾರೆ. ಹಾಗಾದರೆ ಆ ನೀರೆಲ್ಲ ಎಲ್ಲಿ ಹೋಗುತ್ತದೆ?

ಬೋಟ್ಸ್ವಾನಾದ ಕಲಹರಿ ಮರಳಿನ ಮೇಲೆ ಹರಡಿ ದೊಡ್ಡ ಜೌಗಾಗುತ್ತದೆ, ಬಹುಪಾಲು ಆವಿಯಾಗಿ ಹೋಗುತ್ತದೆ. ಆದರೆ ಸುಮ್ನೆ ಹೋಗುವುದಿಲ್ಲ!

ಮಳೆ ಬೀಳುವುದು ದೂರದ ಅಂಗೋಲಾದ ಎತ್ತರದ ನಾಡಿನಲ್ಲಿ, ಜನವರಿ-ಫೆಬ್ರವರಿ ಹೊತ್ತಿಗೆ. ನೆಲ ಎಷ್ಟು ಸಪಾಟು ಅಂದ್ರೆ, ಆ ನೀರು ಜೌಗನ್ನೆಲ್ಲ ತುಂಬುವಷ್ಟರಲ್ಲಿ ಜೂನ್-ಜುಲೈ ಬಂದಿರುತ್ತದೆ. ಬೋಟ್ಸ್ವಾನಾದಲ್ಲಿ ಆಗ ಮಳೆಯೇ ಇಲ್ಲದ ಕಾಲ. ಹಾಗಾಗಿ ಬಾಯಾರಿದ ಆನೆ, ಕಾಡೆಮ್ಮೆಗಳೆಲ್ಲ ಇಲ್ಲಿಗೇ ಬರುತ್ತವೆ.

ನನಗೆ ಜಾಸ್ತಿ ಇಷ್ಟವಾಗುವುದು ಅಲ್ಲಿನ ಗೆದ್ದಲು. ಅವು ಕಟ್ಟಿದ ಹುತ್ತ ನೀರಿನಿಂದ ಮೇಲೆ ಉಳಿಯುತ್ತದೆ, ಅದರ ಮೇಲೆ ಹಕ್ಕಿ ಹಾಕಿದ ಬೀಜ ಮೊಳೆತು ಮರವಾಗುತ್ತದೆ, ಹುತ್ತವೇ ಬೆಳೆದು ದ್ವೀಪವಾಗುತ್ತದೆ. ಅಂಚಿನ ಮರಗಳು ನೀರು ಹೀರುತ್ತಾ ಉಪ್ಪನ್ನು ದ್ವೀಪದ ನಡುವೆ ಉಳಿಸುತ್ತವೆ. ಅದಕ್ಕೇ ಎಷ್ಟೋ ದ್ವೀಪಗಳ ನಡುಭಾಗ ಬೋಳು, ಬಿಳಿ. ಸುತ್ತಲಿನ ನೀರು ಮಾತ್ರ ಸಿಹಿ. ಇನ್ನು ನೀರಾನೆಗಳು ಓಡಾಡಿ ಓಡಾಡಿ, ಜೊಂಡು ಮುಚ್ಚಿದ ಕಾಲುವೆಗಳನ್ನು ತೆರೆದಿಡುತ್ತವೆ.

2014ರಲ್ಲಿ ಈ ಜೌಗು ವಿಶ್ವ ಪರಂಪರೆ ತಾಣವಾಯಿತು. ಆದರೆ ನೀರಿನ ಮೂಲ ಇರುವುದು ಬೇರೆ ದೇಶದಲ್ಲಿ ಅಲ್ವಾ? ನನ್ನ ಭಯವೆಲ್ಲ ಅಲ್ಲೇ. ಮೇಲೆ ಅಣೆಕಟ್ಟು ಕಟ್ಟಿದರೆ, ಹೊಲಗಳಿಗೆ ನೀರು ತಿರುಗಿಸಿದರೆ, ಕೆಳಗಿನ ಜೌಗು ಒಣಗುತ್ತದೆ. 2021ರಲ್ಲಿ, ಇದೇ ನದಿ ಹಾದುಬರುವ ನಮೀಬಿಯಾದ ಕವಾಂಗೊ ಪ್ರದೇಶದಲ್ಲಿ ತೈಲ ಹುಡುಕಲು ಬಾವಿಗಳನ್ನೂ ಕೊರೆದರು.